ಒಂದು ಚುಕ್ಕಿಯ ಬೆನ್ನು ಹತ್ತಿ

ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಜನರೇ ಸೇರಿ ತಿದ್ದುತ್ತ ಬೆಳೆಸುವ ಜಗತ್ತಿನ ನಕ್ಷೆ. ಅದರ ಕೋಡ್ ಓದಬೇಕು ಅಂತ ಹೊರಟವರಿಗೆ ಮೊದಲ ತೊಡಕು ಎದುರಾಗುವುದು ಆ ಕೋಡ್ ಎಲ್ಲಿದೆ ಅನ್ನುವ ಪ್ರಶ್ನೆಯಲ್ಲೇ. ಅದು ಒಂದು ಕಡೆ ಇಲ್ಲ. ಜಾಲತಾಣ ರೂಬಿ ಆನ್ ರೈಲ್ಸ್‌ನಲ್ಲಿದೆ. ಬೇರೆ ಪ್ರೋಗ್ರಾಮ್‌ಗಳು ಡೇಟಾ ಕೇಳುವ, ಕಳಿಸುವ ಬಾಗಿಲಾದ ಎಪಿಐನ ಭಾರದ ಕೆಲಸಗಳನ್ನು ಸಿಜಿಐಮ್ಯಾಪ್ ಎಂಬ ಸಿ++ ಪ್ರೋಗ್ರಾಮ್ ಹೊತ್ತುಕೊಂಡಿದೆ. ಬ್ರೌಸರ್‌ನಲ್ಲಿ ನಕ್ಷೆ ತಿದ್ದುವ ಐಡಿ ಎಡಿಟರ್ ಜಾವಾಸ್ಕ್ರಿಪ್ಟ್, ಡೆಸ್ಕ್‌ಟಾಪ್‌ನ ಜೋಸಮ್ ಜಾವಾ. ಡೇಟಾವನ್ನು ನಕ್ಷೆಗೆ ಅಣಿ ಮಾಡುವ ಪ್ರೋಗ್ರಾಮ್ ಒಂದು, ನಕ್ಷೆ ಬಿಡಿಸುವುದು ಇನ್ನೊಂದು, ಹೆಸರು ಹುಡುಕುವುದು ಮತ್ತೊಂದು, ದಾರಿ ತೋರಿಸುವುದು ಮಗದೊಂದು. 2004ರಲ್ಲಿ ಸ್ಟೀವ್ ಕೋಸ್ಟ್ ಬ್ರಿಟನ್‌ನಲ್ಲಿ ಶುರು ಮಾಡಿದ ಕೆಲಸಕ್ಕೆ ಇಷ್ಟು ವರ್ಷಗಳಲ್ಲಿ ಬೇರೆ ಬೇರೆ ಜನ ತಮಗೆ ಬೇಕಾದ್ದನ್ನು ತಮಗೆ ಬರುವ ಭಾಷೆಯಲ್ಲಿ ಬರೆದು ಸೇರಿಸುತ್ತ ಬಂದಿದ್ದಾರೆ.

ಇಷ್ಟು ಚದುರಿದ್ದನ್ನು ಫೋಲ್ಡರ್‌ನಿಂದ ಫೋಲ್ಡರ್‌ಗೆ ಓದುತ್ತ ಹೋದರೆ ತಲೆಗೆ ಹತ್ತುವುದಿಲ್ಲ. ನನಗೆ ಕೈಹಿಡಿದದ್ದು ಬೇರೆ ದಾರಿ. ಯಾರೋ ಒಬ್ಬರು ನಕ್ಷೆಯ ಮೇಲಿನ ಒಂದು ಚುಕ್ಕಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಸೇವ್ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಬೇರೆಯವರ ಪರದೆಯಲ್ಲೂ ಹೊಸ ಜಾಗದಲ್ಲಿ ಕಾಣುತ್ತದೆ. ಈ ನಡುವೆ ಅದು ಎಲ್ಲೆಲ್ಲಿ ಹೋಯಿತು, ಯಾರ ಕೈಯಲ್ಲಿ ಏನಾಯಿತು ಅಂತ ಅದರ ಬೆನ್ನು ಹತ್ತಿ ಹೋಗುವುದು. ಹಾಗೆ ಹೋದಾಗ ಒಂದೇ ವಿಷಯ ಮತ್ತೆ ಮತ್ತೆ ಎದುರಾಯಿತು. ಈ ಇಡೀ ವ್ಯವಸ್ಥೆಯ ನಟ್ಟನಡುವೆ ಇರುವ ಡೇಟಾಬೇಸ್‌ಗೆ ನಕ್ಷೆ ಅಂದರೇನು ಅಂತಲೇ ಗೊತ್ತಿಲ್ಲ. ರಸ್ತೆ, ಕೆರೆ, ಗಡಿ, ಯಾವುದರ ಅರ್ಥವೂ ಅದಕ್ಕೆ ತಿಳಿಯದು. ಅರ್ಥ ಮಾಡಿಕೊಳ್ಳುವ ಕೆಲಸವನ್ನೆಲ್ಲ ಅದು ಹೊರಗಿನವರಿಗೆ ಬಿಟ್ಟಿದೆ. ಇದರಿಂದ ಸಿಕ್ಕ ಲಾಭ ದೊಡ್ಡದು. ಅದಕ್ಕೆ ಡೆವಲಪರ್‌ಗಳು ತೆರುವ ಬೆಲೆಯೂ ಚಿಕ್ಕದಲ್ಲ.

ಡೇಟಾದಲ್ಲಿ ಮೂರೇ ಬಗೆ. ನೋಡ್ ಅಂದರೆ ಅಕ್ಷಾಂಶ, ರೇಖಾಂಶ ಇರುವ ಒಂದು ಚುಕ್ಕಿ. ವೇ ಅಂದರೆ ನೋಡ್‌ಗಳ ಸಾಲು, ಜಾಸ್ತಿ ಅಂದರೆ 2,000 ನೋಡ್. ರಿಲೇಶನ್ ಅಂದರೆ ಇವುಗಳ ಗುಂಪು. ಅದರೊಳಗೆ ಒಬ್ಬೊಬ್ಬ ಸದಸ್ಯನಿಗೂ ಒಂದು ಪಾತ್ರ ಕೊಡಬಹುದು. ಮೂರಕ್ಕೂ ಟ್ಯಾಗ್ ಹಚ್ಚಬಹುದು. ಟ್ಯಾಗ್ ಅಂದರೆ ಎಡಗಡೆ ಒಂದು ಮಾತು, ಬಲಗಡೆ ಒಂದು ಮಾತು. 255 ಅಕ್ಷರ ಮೀರದಿದ್ದರೆ ಏನು ಬರೆದರೂ ಡೇಟಾಬೇಸ್ ತಡೆಯುವುದಿಲ್ಲ. ಯಾವ ಟ್ಯಾಗ್‌ಗೆ ಏನರ್ಥ ಅನ್ನುವುದು ಜನರ ನಡುವಿನ ಒಪ್ಪಂದ, ಕೋಡ್‌ನಲ್ಲಿ ಬರೆದಿಟ್ಟ ನಿಯಮವಲ್ಲ.

ಮೊದಲಿಂದಲೂ ಹೀಗಿರಲಿಲ್ಲ. 2007ರವರೆಗೆ ಎರಡು ನೋಡ್‌ಗಳನ್ನು ಜೋಡಿಸುವ ಸೆಗ್ಮೆಂಟ್ ಅಂತ ಇನ್ನೊಂದು ಬಗೆ ಇತ್ತು. ವೇ ಅನ್ನುವುದು ಸೆಗ್ಮೆಂಟ್‌ಗಳ ಗುಂಪಾಗಿತ್ತು. ಎಪಿಐನ 0.5ನೇ ಆವೃತ್ತಿ ಸೆಗ್ಮೆಂಟನ್ನು ಕಿತ್ತುಹಾಕಿ ರಿಲೇಶನ್ ತಂದಿತು. 2009ರ ಏಪ್ರಿಲ್‌ನಲ್ಲಿ 0.6 ಬಂತು. ಒಬ್ಬರ ತಿದ್ದುಪಡಿಗಳನ್ನು ಒಂದು ಕಟ್ಟಾಗಿ ಇಡುವ ಚೇಂಜ್‌ಸೆಟ್ ಬಂದದ್ದು, ಡೇಟಾಬೇಸ್ ಮೈಎಸ್‌ಕ್ಯೂಎಲ್ ಎಂಬ ಸಾಫ್ಟ್‌ವೇರ್‌ನಿಂದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ಹೋದದ್ದು ಆಗಲೇ. ಆ 0.6 ಇವತ್ತಿಗೂ ಓಡುತ್ತಿದೆ. ಇಷ್ಟು ಕಾಲ ಎಪಿಐ ಬದಲಾಗಿಲ್ಲ ಅಂದರೆ ಬೆಳವಣಿಗೆ ನಿಂತಿದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಕದಲದೆ ನಿಂತದ್ದರಿಂದಲೇ ಸುತ್ತ ಇಷ್ಟೊಂದು ಸಾಫ್ಟ್‌ವೇರ್ ಧೈರ್ಯವಾಗಿ ಬೆಳೆಯಿತು.

ಈಗ ಆ ಚುಕ್ಕಿಯನ್ನು ಹತ್ತಿರದಿಂದ ನೋಡೋಣ. ಪೋಸ್ಟ್‌ಗ್ರೆಸ್‌ನ ಟೇಬಲ್‌ನಲ್ಲಿ ಅಕ್ಷಾಂಶಕ್ಕೆ ಒಂದು ಕಾಲಂ, ರೇಖಾಂಶಕ್ಕೆ ಒಂದು ಕಾಲಂ. ಅಲ್ಲಿ ದಶಮಾಂಶ ಇರಬೇಕು ಅಲ್ವಾ? ಇಲ್ಲ, ಇರುವುದು ಪೂರ್ಣಾಂಕ. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಇಟ್ಟಿದ್ದಾರೆ. 12.3456789 ಡಿಗ್ರಿ ಅಲ್ಲಿ 12,34,56,789 ಆಗುತ್ತದೆ. ಒಂದು ಕೋಟಿಯೇ ಯಾಕೆ? ರೇಖಾಂಶ 180 ಡಿಗ್ರಿ ದಾಟುವುದಿಲ್ಲ. ಗುಣಿಸಿದರೆ 180 ಕೋಟಿ. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವುದು 214 ಕೋಟಿ ಚಿಲ್ಲರೆ. ಅಂದರೆ ಇದು ಸರಿಯಾಗಿ ಕೂರುತ್ತದೆ. ಇನ್ನೊಂದು ದಶಮಾಂಶ ಸ್ಥಾನ ಬೇಕು ಅಂದಿದ್ದರೆ 1,800 ಕೋಟಿ ಆಗಿ ಉಕ್ಕುತ್ತಿತ್ತು. ಏಳು ಸ್ಥಾನದಲ್ಲಿ ಸಿಗುವ ನಿಖರತೆ ಭೂಮಧ್ಯರೇಖೆಯ ಹತ್ತಿರ ಸುಮಾರು 1.1 ಸೆಂಟಿಮೀಟರ್. ಕೈಯಲ್ಲಿ ಹಿಡಿಯುವ ಸಾಮಾನ್ಯ ಜಿಪಿಎಸ್ ಇದರ ಹತ್ತಿರಕ್ಕೂ ಬರುವುದಿಲ್ಲ. ಜೊತೆಗೆ, ಪೂರ್ಣಾಂಕ ಆದ್ದರಿಂದ ಎರಡು ಪ್ರೋಗ್ರಾಮ್‌ಗಳ ನಡುವೆ ಕೊನೆಯ ಅಂಕಿಯ ಬಗ್ಗೆ ಜಗಳ ಬರುವುದಿಲ್ಲ. ನಾಲ್ಕು ಬೈಟ್‌ನಲ್ಲಿ ಇಷ್ಟೆಲ್ಲ ಯೋಚನೆ ಇದೆ ಅಂತ ತಿಳಿದಾಗ ಈ ಕೋಡ್ ಬರೆದವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿತು.

ಪಕ್ಕದಲ್ಲಿ ಟೈಲ್ ಅಂತ ಇನ್ನೊಂದು ಕಾಲಂ ಇದೆ. ಅಕ್ಷಾಂಶ, ರೇಖಾಂಶ ಎರಡನ್ನೂ 16 ಬಿಟ್‌ಗೆ ಇಳಿಸಿ, ಇದರದ್ದೊಂದು ಬಿಟ್ ಅದರದ್ದೊಂದು ಬಿಟ್ ಅಂತ ಹೆಣೆದು ಮಾಡಿದ ಒಂದೇ ಸಂಖ್ಯೆ ಅದು. ನೆಲದ ಮೇಲೆ ಹತ್ತಿರ ಇರುವ ಚುಕ್ಕಿಗಳಿಗೆ ಬಹುಮಟ್ಟಿಗೆ ಹತ್ತಿರದ ಸಂಖ್ಯೆಗಳೇ ಬರುತ್ತವೆ. ಹಾಗಾಗಿ 'ಈ ಚೌಕದೊಳಗೆ ಏನೇನಿದೆ' ಅನ್ನುವ ಪ್ರಶ್ನೆಗೆ ಮಾಮೂಲಿ ಇಂಡೆಕ್ಸ್ ಸಾಕು. ಜಗತ್ತಿನ ಇಷ್ಟು ದೊಡ್ಡ ನಕ್ಷೆಯ ಮೂಲ ಡೇಟಾಬೇಸ್‌ನಲ್ಲಿ ಪೋಸ್ಟ್‌ಜಿಐಎಸ್, ಅಂದರೆ ಪೋಸ್ಟ್‌ಗ್ರೆಸ್‌ಗೆ ನಕ್ಷೆಯ ಆಕಾರಗಳನ್ನು ಕಲಿಸುವ ಸೇರ್ಪಡೆ, ಇಲ್ಲ. ರೇಖೆ, ಬಹುಭುಜ ಅನ್ನುವ ಪರಿಕಲ್ಪನೆಯೂ ಇಲ್ಲ. ವೇ ಅಂದರೆ ಅಲ್ಲಿ ಬರೀ ನೋಡ್ ಸಂಖ್ಯೆಗಳ ಪಟ್ಟಿ. ಅಳಿಸಿದ ನೋಡ್ ಕೂಡ ನಿಜವಾಗಿ ಅಳಿಯುವುದಿಲ್ಲ. ಹೊಸ ಆವೃತ್ತಿಯ ಸಾಲೊಂದು ಸೇರುತ್ತದೆ, ಅದರಲ್ಲಿ 'ಕಾಣಿಸಬೇಡ' ಅಂತ ಗುರುತು ಬೀಳುತ್ತದೆ. ಹಳೆಯ ಆವೃತ್ತಿಗಳೆಲ್ಲ ಹಾಗೇ ಉಳಿಯುತ್ತವೆ.

ಚುಕ್ಕಿ ಸರಿಸುವುದು ಎಡಿಟರ್‌ನಲ್ಲಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ಕೆಲಸಕ್ಕೆ ಎರಡು ಪೂರ್ತಿ ಬೇರೆ ವಿನ್ಯಾಸಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಇಂಥ ಅವಕಾಶ ಕಲಿಯುವವರಿಗೆ ಸುಲಭವಾಗಿ ಸಿಗುವುದಿಲ್ಲ. ಜೋಸಮ್‌ನಲ್ಲಿ ಡೇಟಾ ಇದ್ದಲ್ಲೇ ಬದಲಾಗುತ್ತದೆ. ಪ್ರತಿ ತಿದ್ದುಪಡಿಯೂ ಒಂದು ಕಮಾಂಡ್ ವಸ್ತು. ಅದರಲ್ಲಿ ಎರಡು ಮುಖ್ಯ ಮೆಥಡ್: ಮಾಡುವುದು, ಮಾಡಿದ್ದನ್ನು ಹಿಂದೆಗೆಯುವುದು. ಮಾಡುವ ಮೊದಲು ಹಳೆಯ ಸ್ಥಿತಿಯನ್ನು ಅದು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಅಂಡೂ ಒತ್ತಿದರೆ ವಾಪಸ್ ಇಡುತ್ತದೆ. ವಸ್ತು ಆಧಾರಿತ ಪ್ರೋಗ್ರಾಮಿಂಗ್‌ನ ಪಾಠದಲ್ಲಿ ಹೇಳಿಕೊಡುವ ಕಮಾಂಡ್ ಮಾದರಿಯೇ ಇದು.

ಐಡಿಯಲ್ಲಿ ಹಾಗಲ್ಲ. ಅಲ್ಲಿ ಗ್ರಾಫ್ ಎಂಬ ವಸ್ತುವಿನಲ್ಲಿ ಎಲ್ಲವೂ ಇರುತ್ತದೆ. ಚುಕ್ಕಿ ಸರಿಸಿದರೆ ಇದ್ದ ಗ್ರಾಫನ್ನು ಯಾರೂ ಮುಟ್ಟುವುದಿಲ್ಲ. ಆ್ಯಕ್ಷನ್ ಎಂಬ ಫಂಕ್ಷನ್ ಹಳೆಯ ಗ್ರಾಫನ್ನು ತೆಗೆದುಕೊಂಡು ಹೊಸ ಗ್ರಾಫ್ ಕೊಡುತ್ತದೆ. ಪ್ರತಿ ಸಲ ಎಲ್ಲವನ್ನೂ ನಕಲು ಮಾಡುತ್ತದೆಯೇ ಅಂದರೆ ಇಲ್ಲ. ಸರ್ವರ್‌ನಿಂದ ಬಂದ ಮೂಲ ಡೇಟಾ ತಳದಲ್ಲಿ ಇರುತ್ತದೆ. ತಿದ್ದಿದ್ದು ಮಾತ್ರ ಮೇಲಿನ ಪದರದಲ್ಲಿ. ಮೇಲೆ ಸಿಗದಿದ್ದರೆ ಜಾವಾಸ್ಕ್ರಿಪ್ಟ್‌ನ ಪ್ರೋಟೊಟೈಪ್ ಸರಪಳಿ ತಾನಾಗಿ ಕೆಳಗೆ ಹುಡುಕುತ್ತದೆ. ಅಂಡೂ ಅಂದರೆ ಹಿಂದಿನ ಗ್ರಾಫ್‌ಗೆ ಮರಳುವುದು, ಅಷ್ಟೇ. ಇನ್ನೂ ಚೆಂದ ಏನೆಂದರೆ, ಎರಡು ಗ್ರಾಫ್‌ಗಳ ನಡುವಿನ ವ್ಯತ್ಯಾಸ ತೆಗೆಯುವ ಒಂದೇ ಕೋಡ್ ಎರಡು ಕಡೆ ಕೆಲಸಕ್ಕೆ ಬರುತ್ತದೆ. ಪರದೆಯಲ್ಲಿ ಯಾವುದನ್ನು ಮತ್ತೆ ಬಿಡಿಸಬೇಕು ಅಂತ ತಿಳಿಯಲು ಒಮ್ಮೆ, ಸರ್ವರ್‌ಗೆ ಏನು ಕಳಿಸಬೇಕು ಅಂತ ತಿಳಿಯಲು ಇನ್ನೊಮ್ಮೆ. ಈ ಜಾಗ ಓದುವಾಗ ನಾನು ಐಡಿಯ ಪಕ್ಷ. ಆದರೆ ದೊಡ್ಡ ಡೇಟಾ ತೆರೆದುಕೊಂಡು ಗಂಟೆಗಟ್ಟಲೆ ತಿದ್ದುವವರು ಜೋಸಮ್ ಬಿಡುವುದಿಲ್ಲ. ಅವರ ಕೆಲಸ ನೋಡಿದರೆ ಅದೂ ಸರಿಯೇ ಅನ್ನಿಸುತ್ತದೆ.

ಸೇವ್ ಒತ್ತಿದ ಮೇಲೆ ಎಡಿಟರ್ ಮೊದಲು ಒಂದು ಚೇಂಜ್‌ಸೆಟ್ ತೆರೆಯುತ್ತದೆ. ಆಮೇಲೆ ಬದಲಾದ ನೋಡನ್ನು ಅದರ ಆವೃತ್ತಿ ಸಂಖ್ಯೆಯ ಜೊತೆ ಕಳಿಸುತ್ತದೆ: 'ನನ್ನ ಹತ್ತಿರ ಇದ್ದದ್ದು 4ನೇ ಆವೃತ್ತಿ, ಅದನ್ನು ಹೀಗೆ ಬದಲಿಸಿದ್ದೇನೆ.' ಸರ್ವರ್‌ನಲ್ಲೂ 4 ಇದ್ದರೆ 5 ಆಗುತ್ತದೆ. ಅಷ್ಟರಲ್ಲಿ ಬೇರೆ ಯಾರೋ ತಿದ್ದಿ 5 ಮಾಡಿದ್ದರೆ 409 ಎಂಬ ಉತ್ತರ ಬರುತ್ತದೆ, ಇಬ್ಬರ ನಡುವೆ ಹೊಂದಿಸುವ ಕೆಲಸ ಎಡಿಟರ್‌ನದ್ದು. ಮುಂಚೆಯೇ ಬೀಗ ಹಾಕುವ ಪದ್ಧತಿ ಇಲ್ಲ. ಜಗತ್ತಿನಾದ್ಯಂತ ಜನ ತಿದ್ದುವಾಗ ಬೀಗ ಹಾಕಿ ಮರೆತು ಹೋದವರನ್ನು ಹುಡುಕುತ್ತ ಕೂರಲು ಆಗುತ್ತದೆಯೇ?

ಡೇಟಾಬೇಸ್‌ಗೆ ಸೇರಿದ ಬದಲಾವಣೆ ಹೊರಜಗತ್ತಿಗೆ ಹೋಗುವುದು ಡಿಫ್ ಫೈಲ್‌ಗಳ, ಅಂದರೆ ಬದಲಾದದ್ದನ್ನು ಮಾತ್ರ ಪಟ್ಟಿ ಮಾಡಿದ ಫೈಲ್‌ಗಳ ಮೂಲಕ. ನಿಮಿಷಕ್ಕೊಂದು ಫೈಲ್ ಹೊರಬರುತ್ತದೆ. ಒಂದು ಕ್ರಮಸಂಖ್ಯೆ, ಅದನ್ನು ಮೂರು ಮೂರು ಅಂಕಿಯಾಗಿ ಮುರಿದು ಮಾಡಿದ ಫೋಲ್ಡರ್ ದಾರಿ, ಕೊನೆಗೆ ಜಿಜಿಪ್ ಮಾಡಿದ ಎಕ್ಸ್‌ಎಂಎಲ್. ಸುಮ್ನೆ ನೋಡಿದರೆ ಹಳೇ ಕಾಲದ್ದು ಅನ್ನಿಸಬಹುದು. ಆದರೆ ಇದಕ್ಕೆ ಮೆಸೇಜ್ ಕ್ಯೂ ಬೇಡ, ನೋಂದಣಿ ಬೇಡ. ಫೈಲ್ ಇಳಿಸಲು ಗೊತ್ತಿರುವ ಯಾರು ಬೇಕಾದರೂ ಇಡೀ ಜಗತ್ತಿನ ನಕ್ಷೆಯ ಜೊತೆ ಹೆಜ್ಜೆ ಹಾಕಬಹುದು. ಫೈಲ್ ತಯಾರಾಗುವ ಕಡೆ ಮಾತ್ರ ಒಂದು ಸೂಕ್ಷ್ಮ ಇದೆ. ಕಳೆದ ನಿಮಿಷದ ಬದಲಾವಣೆ ಅಂತ ಗಡಿಯಾರ ನೋಡಿ ಹೆಕ್ಕಿದರೆ, ಮೊದಲೇ ಶುರುವಾಗಿ ತಡವಾಗಿ ಮುಗಿದ ದೊಡ್ಡ ಅಪ್‌ಲೋಡ್ ತಪ್ಪಿಹೋಗುತ್ತದೆ. ಅದಕ್ಕೇ ಆಸ್ಮೋಸಿಸ್ ಪ್ರೋಗ್ರಾಮ್ ಪೋಸ್ಟ್‌ಗ್ರೆಸ್‌ನ ಟ್ರಾನ್ಸಾಕ್ಷನ್ ಸಂಖ್ಯೆಗಳನ್ನು ಹಿಡಿದು ಹೆಕ್ಕುವ ದಾರಿ ಹಿಡಿಯಿತು. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ಕೋಡ್ ಬರೆಯುವ ಎಲ್ಲರೂ ಇದನ್ನು ಓದಬೇಕು.

ಇಲ್ಲಿಗೆ ಅರ್ಥ ಇಲ್ಲದ ಲೋಕ ಮುಗಿಯಿತು. ಇನ್ನು ಮುಂದೆ ಅರ್ಥ ಕಟ್ಟುವವರ ಸರದಿ.

ಓಎಸ್ಎಂಟುಪಿಜಿಎಸ್‌ಕ್ಯೂಎಲ್ ಎಂಬ ಪ್ರೋಗ್ರಾಮ್ ಈ ಡೇಟಾವನ್ನು ಪೋಸ್ಟ್‌ಜಿಐಎಸ್‌ಗೆ ತುಂಬುತ್ತದೆ. ಚುಕ್ಕಿ, ರೇಖೆ, ಬಹುಭುಜಗಳು ಹುಟ್ಟುವುದು ಇಲ್ಲಿ. ಒಂದು ವೇ ಹೊರಟ ನೋಡ್‌ಗೇ ಬಂದು ಮುಗಿಯಿತು ಅನ್ನಿ. ಅದು ವೃತ್ತಾಕಾರದ ರಸ್ತೆಯೋ, ಉದ್ಯಾನವೋ? ಮೊದಲನೆಯದು ರೇಖೆ, ಎರಡನೆಯದು ಜಾಗ, ಅಂದರೆ ಗೆರೆಯೊಳಗಿನ ಇಡೀ ಪ್ರದೇಶ. ಆಕಾರ ನೋಡಿ ಹೇಳಲು ಬರುವುದಿಲ್ಲ. ಟ್ಯಾಗ್ ನೋಡಿಯೇ ಊಹಿಸಬೇಕು. ಈ ಊಹೆಯನ್ನು ಸಿ++ ಕೋಡ್‌ನೊಳಗೆ ಹೂತಿಡದೆ ಲೂವಾ ಎಂಬ ಪುಟ್ಟ ಭಾಷೆಯ ಸ್ಕ್ರಿಪ್ಟ್‌ನಲ್ಲಿ ಬರೆಯಲು ಬಿಟ್ಟಿದ್ದಾರೆ. ದಾರಿ ಹುಡುಕುವ ಓಎಸ್ಆರ್‌ಎಂನಲ್ಲೂ ಹಾಗೇ: ಯಾವ ರಸ್ತೆಯಲ್ಲಿ ಕಾರು ಹೋಗಬಹುದು, ಎಷ್ಟು ವೇಗದಲ್ಲಿ ಅನ್ನುವುದು ಲೂವಾ ಪ್ರೊಫೈಲ್. ವೆಕ್ಟರ್ ಟೈಲ್ (ಚಿತ್ರದ ಬದಲು ಆಕಾರಗಳ ಡೇಟಾ ಇರುವ ನಕ್ಷೆಯ ಚೌಕ) ಮಾಡುವ ಟೈಲ್‌ಮೇಕರ್‌ನಲ್ಲೂ ಲೂವಾ. ಬೇರೆ ಬೇರೆ ತಂಡಗಳು ಒಂದೇ ಜಾಗಕ್ಕೆ ಬಂದು ತಲುಪಿವೆ. ಹೊಸ ರೆಪೊಸಿಟರಿ ತೆರೆದಾಗ ನಾನೀಗ ಮೊದಲು ಹುಡುಕುವುದು ಲೂವಾ ಫೈಲ್ ಎಲ್ಲಿದೆ ಅಂತ. ಅದು ಸಿಕ್ಕಿತು ಅಂದರೆ ಟ್ಯಾಗ್‌ಗಳಿಗೆ ಅರ್ಥ ಎಲ್ಲಿ ಬೀಳುತ್ತದೆ ಅಂತ ಸಿಕ್ಕಿತು.

ಇಲ್ಲೇ ಬೆಲೆಯ ಮಾತೂ ಬರುತ್ತದೆ. ಡಿಫ್‌ನಲ್ಲಿ ಒಂದು ನೋಡ್ ಸರಿಯಿತು ಅಂತ ಬಂದರೆ, ಅದು ಯಾವ ವೇಯಲ್ಲಿದೆ ಅಂತ ಹುಡುಕಿ ಆ ಇಡೀ ರೇಖೆಯನ್ನು ಮತ್ತೆ ಕಟ್ಟಬೇಕು. ವೇ ಒಂದೇ ಬಂದರೆ ಅದರ ಎಲ್ಲ ನೋಡ್‌ಗಳ ಜಾಗ ಎಲ್ಲಿಂದಲೋ ತರಬೇಕು. ಅದಕ್ಕೆ ಓಎಸ್ಎಂಟುಪಿಜಿಎಸ್‌ಕ್ಯೂಎಲ್ ಫ್ಲ್ಯಾಟ್‌ನೋಡ್ ಎಂಬ ಫೈಲ್ ಇಟ್ಟುಕೊಳ್ಳುತ್ತದೆ. ಪ್ರತಿ ನೋಡ್ ಸಂಖ್ಯೆಗೆ 8 ಬೈಟ್, ಸಂಖ್ಯೆಯನ್ನು 8ರಿಂದ ಗುಣಿಸಿದರೆ ಫೈಲ್‌ನಲ್ಲಿ ಅದರ ಜಾಗ. ಹುಡುಕಾಟವೇ ಇಲ್ಲ. ಆದರೆ ನೋಡ್ ಸಂಖ್ಯೆಗಳು 1,200 ಕೋಟಿ ದಾಟಿರುವುದರಿಂದ ಫೈಲ್ ಸುಮಾರು 100 ಜಿಬಿ ಆಗುತ್ತದೆ.

ಇನ್ನು ಸಮುದ್ರ. ನಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಆದರೆ ಡೇಟಾದಲ್ಲಿ ಸಮುದ್ರ ಇಲ್ಲ! ಇರುವುದು ಕರಾವಳಿಯ ರೇಖೆ ಮಾತ್ರ, ಅದಕ್ಕೊಂದು ನಿಯಮ: ರೇಖೆ ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕೆ ನೆಲ, ಬಲಕ್ಕೆ ನೀರು. ಸಾವಿರಾರು ಜನ ತುಂಡು ತುಂಡಾಗಿ ಬಿಡಿಸಿದ ಈ ರೇಖೆಗಳನ್ನು ಜೋಡಿಸಿ, ಬಿರುಕಿದ್ದರೆ ಮುಚ್ಚಿ, ನೆಲದ ಮತ್ತು ನೀರಿನ ಬಹುಭುಜಗಳನ್ನು ಮಾಡಲು ಓಎಸ್ಎಂಕೋಸ್ಟ್‌ಲೈನ್ ಅನ್ನುವ ಪ್ರತ್ಯೇಕ ಪ್ರೋಗ್ರಾಮೇ ಇದೆ. ಯಾರಾದರೂ ಒಂದು ತುಂಡಿನ ದಿಕ್ಕು ತಿರುಗಿಸಿದರೆ ನೆಲದ ಮೇಲೆ ನೀಲಿ ಹರಿಯಬಹುದು. ಅದಕ್ಕೇ ಈ ಕೆಲಸ ನಿಮಿಷದ ಡಿಫ್‌ಗಳ ಜೊತೆ ನಡೆಯುವುದಿಲ್ಲ. ಬೇರೆಯಾಗಿ, ನಿಧಾನವಾಗಿ, ಪರೀಕ್ಷೆ ಮಾಡಿ ನಡೆಯುತ್ತದೆ. ನಕ್ಷೆಯಲ್ಲಿ ರಸ್ತೆ ಬೇಗ ಬದಲಾಗಿ ಕರಾವಳಿ ತಡವಾಗಿ ಬದಲಾಗುವುದರ ಹಿಂದೆ ಇಷ್ಟು ಕಥೆ ಇದೆ.

ಬಿಡಿಸುವ ಹಂತ ಬಹಳ ಕಡೆ ವಿವರವಾಗಿ ಸಿಗುತ್ತದೆ, ನಾನು ಬೇಗ ದಾಟುತ್ತೇನೆ. ಜೂಮ್ 0ರಲ್ಲಿ ಜಗತ್ತೆಲ್ಲ 256 ಪಿಕ್ಸೆಲ್‌ನ ಒಂದು ಚೌಕ, ಅಂದರೆ ಒಂದು ಟೈಲ್. ಒಂದೊಂದು ಜೂಮ್‌ಗೂ ಚೌಕಗಳು ನಾಲ್ಕು ಪಟ್ಟು. 19ಕ್ಕೆ ಬಂದರೆ ಸುಮಾರು 27,488 ಕೋಟಿ. ಅಷ್ಟನ್ನೂ ಮುಂಚೆಯೇ ಬಿಡಿಸಿಡುವುದು ಆಗದ ಮಾತು, ಬಹಳಷ್ಟು ಚೌಕಗಳನ್ನು ಯಾರೂ ನೋಡುವುದೂ ಇಲ್ಲ. ಕೇಳಿದಾಗ ಮಾತ್ರ ಬಿಡಿಸಿ ಇಟ್ಟುಕೊಳ್ಳುತ್ತಾರೆ. ಮಾಡ್‌ಟೈಲ್ ಕೇಳಿಸಿಕೊಳ್ಳುತ್ತದೆ, ರೆಂಡರ್‌ಡಿ ಸರದಿ ನೋಡುತ್ತದೆ, ಮ್ಯಾಪ್ನಿಕ್ ಬಿಡಿಸುತ್ತದೆ. ಒಂದು ಚೌಕ ಕೇಳಿದರೂ ಬಿಡಿಸುವುದು 8×8 ಚೌಕಗಳ ಕಟ್ಟು. ಡೇಟಾಬೇಸ್‌ಗೆ ಕೇಳುವ ಪ್ರಶ್ನೆ ಕಡಿಮೆಯಾಗುತ್ತದೆ, ಅಂಚಿನಲ್ಲಿ ಹೆಸರುಗಳು ತುಂಡಾಗುವುದೂ ಕಡಿಮೆಯಾಗುತ್ತದೆ.

ವೆಕ್ಟರ್ ಟೈಲ್ ಬಂದ ಮೇಲೆ ಬಿಡಿಸುವ ಕೆಲಸ ಬ್ರೌಸರ್‌ಗೆ ಬಂತು. 2020ರ ಡಿಸೆಂಬರ್‌ನಲ್ಲಿ ಮ್ಯಾಪ್‌ಬಾಕ್ಸ್ ಕಂಪನಿ ಬ್ರೌಸರ್‌ನಲ್ಲಿ ನಕ್ಷೆ ಬಿಡಿಸುವ ತನ್ನ ಜಿಎಲ್ ಲೈಬ್ರರಿಯ ಪರವಾನಗಿ ಬದಲಿಸಿದಾಗ, ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದು ಹುಟ್ಟಿದ್ದು ಮ್ಯಾಪ್‌ಲಿಬ್ರೆ. ಇದರ ವಿನ್ಯಾಸದಲ್ಲಿ ಒಂದು ಜಾಗ ಕನ್ನಡ ಓದುವ ನಮಗೆಲ್ಲ ನೇರವಾಗಿ ತಾಗುತ್ತದೆ. ಈ ಲೈಬ್ರರಿಗೆ ಮೂಲದಿಂದ ಬಂದ ಪದ್ಧತಿಯಲ್ಲಿ ಅಕ್ಷರಗಳನ್ನು ಸರ್ವರ್‌ನಿಂದ 256ರ ಕಟ್ಟುಗಳಲ್ಲಿ ತರಿಸುತ್ತಾರೆ. ಒಂದು ಯೂನಿಕೋಡ್ ಸಂಖ್ಯೆಗೆ ಒಂದು ಆಕಾರ. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ವ್ಯಂಜನ ಮೂರೂ ಸೇರಿ ಒಂದು ಒತ್ತಕ್ಷರ ಆಗಬೇಕು. ಸಂಖ್ಯೆಗೊಂದು ಆಕಾರ ಅಂದರೆ ಅವು ಬಿಡಿ ಬಿಡಿಯಾಗಿ ನಿಲ್ಲುತ್ತವೆ. ಮ್ಯಾಪ್ನಿಕ್ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಲೈಬ್ರರಿ ಬಳಸುವುದರಿಂದ ಅಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಡೇಟಾದಲ್ಲಿ ಕನ್ನಡದ ಹೆಸರು ಸರಿಯಾಗಿಯೇ ಇರುತ್ತದೆ, ಅದಕ್ಕೆ ಬೇರೆ ಟ್ಯಾಗೇ ಇದೆ. ಹಾಳಾಗುವುದು ಕೊನೆಯ ಹೆಜ್ಜೆಯಲ್ಲಿ. ವೇಗಕ್ಕಾಗಿ ಮಾಡಿದ ಒಂದು ನಿರ್ಧಾರ ಎಷ್ಟೋ ಲಿಪಿಗಳನ್ನು ಹೊರಗೆ ನಿಲ್ಲಿಸಿತು. ಇಂಥ ನಿರ್ಧಾರ ಆಗುವ ಹೊತ್ತಿಗೆ ಈ ಲಿಪಿಗಳಲ್ಲಿ ಓದುವ ಡೆವಲಪರ್‌ಗಳು ಆ ಕೋಣೆಯಲ್ಲಿರಬೇಕು. ವಿನ್ಯಾಸ ಕಲಿಯುವುದು ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಶುರು ಮಾಡುವವರು ಇಡೀ ಜಗತ್ತಿನ ಫೈಲ್ ಇಳಿಸಬೇಡಿ. ಚಿಕ್ಕ ಪ್ರದೇಶದ ಪಿಬಿಎಫ್ (ಈ ಡೇಟಾವನ್ನು ಅಡಕವಾಗಿ ಇಡುವ ರೂಪ) ಫೈಲ್ ಸಾಕು. ಆಸ್ಮಿಯಮ್ ಅನ್ನುವ ಉಪಕರಣದಿಂದ ಅದನ್ನು ಬಿಚ್ಚಿ ಒಂದು ವೇ ಹುಡುಕಿ. ಅದೇ ಫೈಲನ್ನು ಪೋಸ್ಟ್‌ಜಿಐಎಸ್‌ಗೆ ತುಂಬಿ ಅದೇ ವೇ ಈಗ ಯಾವ ಟೇಬಲ್‌ನಲ್ಲಿದೆ ಅಂತ ನೋಡಿ. ಲೂವಾದಲ್ಲಿ ಒಂದು ಸಾಲು ಬದಲಿಸಿ ಮತ್ತೆ ತುಂಬಿ. ಆ ವೇ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹಾರಿದ್ದನ್ನು ಕಣ್ಣಾರೆ ಕಂಡ ಮೇಲೆ ಉಳಿದ ಕೋಡ್ ಓದಲು ಹೆದರಿಕೆ ಇರುವುದಿಲ್ಲ. ಪರೀಕ್ಷೆ ಮಾಡಲು ಅಂತ ಸಾರ್ವಜನಿಕ ಟೈಲ್ ಸರ್ವರ್‌ನಿಂದ ರಾಶಿ ರಾಶಿ ಚೌಕ ಎಳೆಯಬೇಡಿ. ಅದು ದೇಣಿಗೆಯಿಂದ ನಡೆಯುತ್ತಿದೆ, ನಿಯಮದಲ್ಲೂ ಬೇಡ ಅಂತಲೇ ಇದೆ.

ಮೂರೇ ಬಗೆಯ ಈ ಮಾದರಿ ಬದಲಾಗಬೇಕೇ ಅನ್ನುವ ಚರ್ಚೆ ತುಂಬಾ ಹಳೆಯದು. 2022ರಲ್ಲಿ ಈ ಬಗ್ಗೆ ಒಂದು ಅಧ್ಯಯನ ವರದಿಯೂ ಬಂತು. ನೋಡ್‌ಗಳಲ್ಲಿ ಬಹುಪಾಲಿಗೆ ಒಂದೂ ಟ್ಯಾಗ್ ಇಲ್ಲ, ಅವು ಬರೀ ರೇಖೆಯ ತಿರುವುಗಳು. ಅವುಗಳ ಜಾಗವನ್ನು ವೇಯಲ್ಲೇ ಬರೆದಿಟ್ಟರೆ ಆ 100 ಜಿಬಿಯ ಫೈಲ್ ಬೇಕಾಗುವುದಿಲ್ಲ. ಇದು ಒಳ್ಳೆಯ ಮಾತು, ಆಗಬೇಕು. ಆದರೆ ನನಗೆ ಅದಕ್ಕಿಂತ ಮೊದಲು ಬೇಕಾದದ್ದು ಕೆರೆ, ಉದ್ಯಾನದಂಥ ಜಾಗಕ್ಕೆ ಅಂತಲೇ ಒಂದು ಬಗೆ. ಟ್ಯಾಗ್‌ನ ಸ್ವಾತಂತ್ರ್ಯ ಮುಟ್ಟುವುದು ಬೇಡ. ಅದರಿಂದಲೇ ಈ ನಕ್ಷೆ ಯಾರೂ ಊಹಿಸದ ವಿಷಯಗಳನ್ನೆಲ್ಲ ಹಿಡಿದಿಟ್ಟಿದೆ. ಆದರೆ ಮುಚ್ಚಿದ ವೇ ರೇಖೆಯೋ ಜಾಗವೋ ಅಂತ ಪ್ರತಿ ಪ್ರೋಗ್ರಾಮೂ ತನ್ನ ಲೂವಾದಲ್ಲಿ ಬೇರೆ ಬೇರೆಯಾಗಿ ಊಹಿಸುವುದು ಯಾರಿಗೂ ಲಾಭವಿಲ್ಲದ ಕೆಲಸ. ಐಡಿ ಎಡಿಟರ್‌ನ ಮೇಲ್ಭಾಗದಲ್ಲಿ ಮೂರು ಬಟನ್‌ಗಳಿವೆ: ಚುಕ್ಕಿ, ರೇಖೆ, ಜಾಗ. ಬಿಡಿಸುವವರು ಮೂರನೆಯದನ್ನು ಒತ್ತಿಯೇ ಕೆರೆ ಬಿಡಿಸುತ್ತಾರೆ. ಅದು ಜಾಗ ಅಂತ ಅವರಿಗೂ ಗೊತ್ತು, ಎಡಿಟರ್‌ಗೂ ಗೊತ್ತು. ಸೇವ್ ಮಾಡುವಾಗ ಅದನ್ನು ಬರೆದಿಡಲು ಜಾಗವೇ ಇಲ್ಲ. ಎಷ್ಟೋ ಪ್ರೋಗ್ರಾಮ್‌ಗಳು ಆಮೇಲೆ ಮತ್ತೆ ಹುಡುಕುತ್ತಿರುವುದು ಆ ಬಟನ್ ಒತ್ತಿದಾಗ ಗೊತ್ತಿದ್ದದ್ದನ್ನೇ.